ಅಂದಾಜು ಬರೆಯದ ಒಂದು ಲೆಕ್ಕ

ಮದುವೆ ಊಟಕ್ಕೆ ಹೋದಾಗ ಎಲ್ಲರೂ ಮೊದಲು ಎಲೆ ನೋಡುತ್ತಾರೆ. ನಾನು ಸೂರು ನೋಡುತ್ತೇನೆ. ಬಿರುಕು ಎಲ್ಲಿದೆ, ತೇವದ ಕಲೆ ಎಲ್ಲಿದೆ, ಮೇಲಿನ ನೀರಿನ ಟಾಕಿ ಯಾವ ಮೂಲೆಯಲ್ಲಿರಬಹುದು ಎಂದು ಗೊತ್ತುಮಾಡಿಕೊಂಡ ಮೇಲೆಯೇ ಕೂಡುವ ಜಾಗ ಆರಿಸುವುದು. ಅಷ್ಟರಲ್ಲಿ ಮೊದಲ ಪಂಕ್ತಿ ಎದ್ದಿರುತ್ತದೆ.

“ನೀವು ಮದವಿಗೆ ಬಂದೀರೋ, ಈ ಮನಿ ಖರೀದಿ ಮಾಡಾಕ ಬಂದೀರೋ?” ಎಂದು ಹೆಂಡತಿ ಕೇಳುತ್ತಾಳೆ.

ಈ ಚಾಳಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ನೌಕರಿಯಿಂದ ಬಂದದ್ದು. ಮೂವತ್ತಕ್ಕೂ ಹೆಚ್ಚು ವರ್ಷ ಹುಬ್ಬಳ್ಳಿಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದೆ. ದಿನಾಲು ಧಾರವಾಡದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಶಾಲೆಯ ಹೆಸರು ಬೇಡ, ಅದು ಇನ್ನೂ ನಡೆಯುತ್ತಿದೆ. ನಮ್ಮ ಪಕ್ಕದ ಮನೆಯ ಹುಡುಗಿ ಈ ವರ್ಷ ಲಕಮನಹಳ್ಳಿಯ ಕಡೆ ಗಣಿತ ಶಿಕ್ಷಕಿಯಾಗಿ ಸೇರಿದ್ದಾಳೆ. “ಸರ, ಹುಡುಗರಿಗೆ ಛಲೋ ರೂಢಿ ಹಚ್ಚೂದು ಹೆಂಗ? ಏನರ ನಾಕು ಮಾತು ಬರ್ದು ಕೊಡ್ರಿ” ಎಂದು ಗಂಟುಬಿದ್ದಳು. ಅವಳಿಗಾಗಿ ಬರೆಯಲು ಕೂತಿದ್ದೇನೆ. ಬಡ್ತಿಯ ಕಥೆ ಇದರಲ್ಲಿಲ್ಲ. ಬಂದದ್ದು ಒಂದೇ ಒಂದು, ಅದೂ ತಡವಾಗಿ.

ನನ್ನ ಮೊದಲ ವರ್ಷದ ತಲೆನೋವು ಪುಸ್ತಕದ ಕೊನೆಯ ಪುಟಗಳು. ಅಲ್ಲಿ ಎಲ್ಲ ಲೆಕ್ಕಗಳ ಉತ್ತರಗಳು ಇರುತ್ತವೆ. ಹುಡುಗರು ಮೊದಲು ಉತ್ತರ ನೋಡಿಕೊಂಡು, ಮೇಲಿನಿಂದ ಎರಡು ಸಾಲು, ಕೆಳಗಿನಿಂದ ಎರಡು ಸಾಲು ಬರೆದು, ನಡುವೆ ಒಂದು ಜಿಗಿತ ಜಿಗಿಯುತ್ತಿದ್ದರು. ಹಿಡಿಯಲು ಒಂದು ಉಪಾಯ ಮಾಡಿದೆ. ಹನ್ನೆರಡು ಆಳು ಒಂದು ಬಾವಿಯನ್ನು ಇಪ್ಪತ್ತು ದಿನದಲ್ಲಿ ತೋಡಿದರೆ ಹದಿನಾರು ಆಳಿಗೆ ಎಷ್ಟು ದಿನ ಬೇಕು ಎಂದು ಪುಸ್ತಕದಲ್ಲಿತ್ತು. ಉತ್ತರ ಹದಿನೈದು. ನಾನು ಲೆಕ್ಕ ಹೇಳುವಾಗ ಸುಮ್ಮನೆ ಹದಿನಾರನ್ನು ಇಪ್ಪತ್ನಾಲ್ಕು ಮಾಡಿದೆ. ಹತ್ತು ದಿನ ಬರಬೇಕು. ಇಡೀ ತರಗತಿ ಹದಿನೈದು ದಿನ ಎಂದು ಬರೆದು, ಕೆಳಗೆ ಎರಡು ಗೀಟು ಎಳೆದು, ಎದೆಯುಬ್ಬಿಸಿ ಕೂತಿತು.

“ಎಂಟು ಆಳು ಹೆಚ್ಚಿಗೆ ಬಂದರೂ ಹದಿನೈದು ದಿನ ಹೆಂಗ ಹಿಡೀತಪಾ?” ಎಂದು ಮುಂದಿನ ಬೆಂಚಿನವನನ್ನು ಕೇಳಿದೆ.

ಅವನು ತಡವರಿಸಲಿಲ್ಲ. “ಮಂದಿ ಹೆಚ್ಚಾತಂದ್ರ ಹರಟಿ ಹೆಚ್ಚಾಗ್ತೈತ್ರಿ ಸರ.”

ಬಾವಿ ತೋಡುವ ಕೆಲಸದ ಬಗ್ಗೆ ಅವನಿಗೆ ನನಗಿಂತ ಹೆಚ್ಚು ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಆವತ್ತು ಸಿಟ್ಟು ಬಂತು. ಮರುದಿನ ದಬ್ಬಣ, ಗೋಣಿದಾರ ತಂದು ಅಷ್ಟೂ ಪುಸ್ತಕಗಳ ಕೊನೆಯ ಪುಟಗಳನ್ನು ಚೀಲ ಹೊಲಿದಂತೆ ಹೊಲಿದುಬಿಟ್ಟೆ. ಸಂಜೆ ಒಬ್ಬ ತಂದೆ ಪುಸ್ತಕ ಹಿಡಿದು ಬಂದ. “ಸರ, ಮಗಳು ಸಾಲಿಗೆ ಬರ್ತಾಳೋ, ಟೇಲರ್ ಅಂಗಡಿಗೆ ಬರ್ತಾಳೋ?” ಎಂದ. ಹೊಲಿಗೆ ನಿಲ್ಲಿಸಿದೆ. ಆದರೆ ಲೆಕ್ಕ ಹೇಳುವಾಗ ಒಂದು ಸಂಖ್ಯೆ ಬದಲಿಸುವ ಚಾಳಿಯನ್ನು ನಿವೃತ್ತಿಯ ದಿನದವರೆಗೂ ಬಿಡಲಿಲ್ಲ.

ಎರಡನೆಯ ರೂಢಿ ಅಂದಾಜಿನದು. ಒಮ್ಮೆ ಒಬ್ಬ ಹುಡುಗ ತಂದೆಯ ವಯಸ್ಸು ಏಳು, ಮಗನ ವಯಸ್ಸು ಮೂವತ್ತೊಂದು ಎಂದು ಬರೆದು ತಂದ. “ಇದು ಆಗೂದೇನಲೇ?” ಎಂದರೆ, “ಲೆಕ್ಕದಾಗ ಹಂಗ ಬಂತ್ರಿ” ಎಂದ. ಲೆಕ್ಕದಲ್ಲಿ ಬಂದದ್ದು ಜಗತ್ತಿನಲ್ಲಿ ಇರಬೇಕಾಗಿಲ್ಲ ಎಂಬುದು ಅವನ ನಂಬಿಕೆ. ಅವತ್ತಿನಿಂದ ಒಂದು ಕಾಯಿದೆ ತಂದೆ. ಯಾವ ಲೆಕ್ಕವೇ ಇರಲಿ, ಪೆನ್ನು ಓಡಿಸುವ ಮೊದಲು ಹಾಳೆಯ ಮೇಲಿನ ಮೂಲೆಯಲ್ಲಿ ಒಂದು ಚೌಕ ಬರೆದು, ಅದರಲ್ಲಿ ಉತ್ತರ ಸುಮಾರು ಎಷ್ಟು ಬರಬಹುದು ಎಂದು ಬರೆಯಬೇಕು. ತಪ್ಪಿದರೂ ಚಿಂತೆಯಿಲ್ಲ. ಕೊನೆಯಲ್ಲಿ ಚೌಕವೂ ಉತ್ತರವೂ ಜಗಳವಾಡಿದರೆ ಇಬ್ಬರಲ್ಲಿ ಸುಳ್ಳುಗಾರ ಯಾರು ಎಂದು ಹುಡುಕಬೇಕು. ಹುಡುಗರು ನನಗೆ ‘ಅಂದಾಜು ಸರ್’ ಎಂದು ಹೆಸರಿಟ್ಟರು. ನನ್ನ ಹಾಜರಿಯಲ್ಲಿ ಅಲ್ಲ.

ತಪಾಸಣೆಗೆ ಬಂದ ಸಾಹೇಬರೊಬ್ಬರಿಗೆ ಈ ಚೌಕ ಸರಿಬರಲಿಲ್ಲ. “ಗಣಿತದಲ್ಲಿ ಅಂದಾಜಿಗೆ ಜಾಗ ಇಲ್ಲ. ಪಾಠ ಮುಗಿಸುವುದು ನೋಡಿ” ಎಂದು ನನ್ನನ್ನು ಹುಡುಗರೆದುರೇ ಬೈದು, ತಾವೇ ಸೀಮೆಸುಣ್ಣ ಹಿಡಿದರು. ಒಬ್ಬ ಮನುಷ್ಯ ಹದಿನೈದು ನಿಮಿಷದಲ್ಲಿ ಒಂದೂಕಾಲು ಕಿಲೋಮೀಟರು ನಡೆದರೆ ಗಂಟೆಗೆ ಎಷ್ಟು? ದಶಾಂಶದ ಚುಕ್ಕಿ ಎಲ್ಲೋ ಜಾರಿತು. ಗಂಟೆಗೆ ಐವತ್ತು ಎಂದು ಬರೆದು, ಕೈ ಜಾಡಿಸಿ ತಿರುಗಿದರು. ತರಗತಿಯ ಪ್ರತಿ ಚೌಕದಲ್ಲೂ ಐದು ಎಂದಿತ್ತು. ಹಿಂದಿನ ಬೆಂಚಿನಿಂದ ಒಂದು ದನಿ ಬಂತು: “ಸರ, ಈ ಮನಷ್ಯಾ ಬಸ್ಸಿನ ಮುಂದ ಹೊಂಟಾನ್ರಿ!”

ಸಾಹೇಬರು ಚಹಾ ಕುಡಿಯದೆ ಹೋದರು. ವರದಿಯಲ್ಲಿ ‘ಶಿಸ್ತು ಸಾಲದು’ ಎಂದು ಬರೆದರು.

ಮೂರನೆಯದು, ರಬ್ಬರಿಗೆ ಬಹಿಷ್ಕಾರ. ತಪ್ಪನ್ನು ಅಳಿಸಬಾರದು, ಅದರ ಮೇಲೆ ಒಂದೇ ಗೀಟು ಹಾಕಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ಅಳಿಸಿದ ತಪ್ಪು ಮರುವಾರ ಹೊಸ ಅಂಗಿ ಹಾಕಿಕೊಂಡು ಮತ್ತೆ ಬರುತ್ತದೆ. ಗೀಟಿನ ಕೆಳಗೆ ಕಾಣುವ ತಪ್ಪು ಪಾಠ ಹೇಳುತ್ತದೆ. ಅಂಥ ಗೀಟು ಕಂಡರೆ ನಾನು ಅಂಕ ಕಡಿಯುತ್ತಿರಲಿಲ್ಲ, ಬದಿಗೆ ಕೆಂಪು ಶಾಯಿಯಲ್ಲಿ ‘ಮತ್ತೆ ನೋಡು’ ಎಂದಷ್ಟೇ ಬರೆಯುತ್ತಿದ್ದೆ.

ಈಗ ಗೋಡೆಯ ತುಂಬ ಬೆಳಗುವ ಹಲಗೆ ಬಂದಿದೆ. ಲೆಕ್ಕದ ಫೋಟೋ ಹೊಡೆದರೆ ಮೊಬೈಲೇ ಬಿಡಿಸಿ ಕೊಡುತ್ತದೆ. ಪುಸ್ತಕದ ಕೊನೆಯ ಪುಟ ಈಗ ಎಲ್ಲರ ಕಿಸೆಯಲ್ಲಿದೆ, ಅದನ್ನು ಹೊಲಿಯಲು ದಬ್ಬಣ ಸಾಲದು. ಪರವಾಗಿಲ್ಲ. ಆದರೆ ಚೌಕವನ್ನು ಮೊಬೈಲು ಬರೆಯುವುದಿಲ್ಲ. ಅದನ್ನು ನೀನೇ ಬರೆಯಬೇಕು.

ಇಷ್ಟೆಲ್ಲ ಉಪದೇಶ ಮಾಡಿದವನು ಆ ಚೌಕ ಬರೆಯದೆ ಬಿಟ್ಟದ್ದು ಒಂದೇ ಒಂದು ಲೆಕ್ಕಕ್ಕೆ. ಅದನ್ನೇ ಹೇಳಬೇಕಾಗಿದೆ. ಅದನ್ನು ಬಿಟ್ಟು ಏನು ಬರೆದರೂ ಕೈ ಅಲ್ಲಿಗೇ ಹೋಗುತ್ತದೆ.

ನಿವೃತ್ತಿಗೆ ನಾಲ್ಕು ವರ್ಷ ಇತ್ತು. ಹುಬ್ಬಳ್ಳಿಯಲ್ಲಿ ನಳಕ್ಕೆ ನೀರು ಬರುವುದು ವಾರಕ್ಕೊಮ್ಮೆ ಎಂದು ಹೊಸದಾಗಿ ಹೇಳಬೇಕಿಲ್ಲ. ಶಾಲೆಯ ಪ್ಲಾಸ್ಟಿಕ್ ಟಾಕಿಯ ಮುಚ್ಚಳವನ್ನು ಮಂಗಗಳು ಎರಡು ಸಲ ಮುರಿದಿದ್ದವು. ಮೂರನೆಯ ಸಲ ಅದರಲ್ಲಿ ಸ್ನಾನವನ್ನೇ ಮಾಡಿದವು. ಹೆಡ್ ಮಾಸ್ತರು ಹಿರೇಗೌಡರ ಸರ್ ಬೇಸತ್ತು, ಇಟ್ಟಿಗೆಯಲ್ಲಿ ಗಟ್ಟಿಯಾದ ಗೋಲ ಟಾಕಿ ಕಟ್ಟಿಸುವುದೆಂದು ನಿರ್ಧರಿಸಿದರು. ಜಾಗ, ಎಂಟನೆಯ ತರಗತಿಯ ಹಳೆಯ ಸ್ಲ್ಯಾಬಿನ ನಡುಮಧ್ಯ. ಗೌಂಡಿ ಮೌಲಾಸಾಬ ತಲೆ ಕೆರೆದುಕೊಂಡ.

“ಸರ, ಇದು ಭಾರ ತಡೀತೈತೋ ಇಲ್ಲೋ ಯಾರಿಗರ ಕೇಳ್ರಿ. ಹಿಂದ ರಿಪೇರಿ ಮಾಡೂ ಮುಂದ ನಾವು ಹದಿನೈದು ಮಂದಿ ನಡು ಸ್ಲ್ಯಾಬಿನ ಮ್ಯಾಲ ನಿಂತಿದ್ವಿ, ಏನೂ ಆಗಿಲ್ಲ. ಅದಕ್ಕಿಂತ ಮುಂದಿಂದು ನಂಗ ಗೊತ್ತಿಲ್ರಿ.”

“ಎಂಜಿನಿಯರ್ ಯಾಕ ಬೇಕೋ? ನಮ್ಮ ಗಣಿತ ಸರ್ ಅದಾರಲ್ಲ!” ಎಂದರು ಹಿರೇಗೌಡರ ಸರ್.

ಹೊಗಳಿಕೆ ಕೆಟ್ಟದ್ದು. ಮೌಲಾಸಾಬ ಒಂದು ಚೀಟಿ ಕೊಟ್ಟ: ಗೋಲ, ಮೂರು ಫೂಟು, ಎತ್ತರ ಐದು ಫೂಟು. ಮೊಣಕಾಲು ನೋವಿನಿಂದಾಗಿ ನಾನು ಮಾಳಿಗೆಯ ಕಬ್ಬಿಣದ ಏಣಿ ಹತ್ತುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲೇ ಚಹಾ ಕುಡಿಯುತ್ತ ಅದೇ ಚೀಟಿಯ ಮೇಲೆ ಲೆಕ್ಕ ಬಿಡಿಸಿದೆ. ಅಗಲ ಮೂರು ಫೂಟು, ಅರ್ಧ ಮಾಡಿದರೆ ತ್ರಿಜ್ಯ ಒಂದೂವರೆ. ಹಿಡಿಯುವ ನೀರು ಸುಮಾರು ಸಾವಿರ ಲೀಟರು. ಅಂದರೆ ಒಂದು ಟನ್ನು, ಅಂದರೆ ಹದಿನೈದು ಮೌಲಾಸಾಬರು. ಕೆಳಗೆ ಎರಡು ಗೀಟು ಎಳೆದು ಸಹಿ ಮಾಡಿ, “ಕಟ್ಟಪಾ” ಎಂದೆ. ಇಟ್ಟಿಗೆಗೂ ತೂಕ ಇರುತ್ತದೆ ಎಂಬುದು ನೆನಪಾಗಲಿಲ್ಲ. ಮೇಲಿನ ಮೂಲೆ ಖಾಲಿಯಿತ್ತು.

ಟಾಕಿ ಮುಗಿದ ಮೇಲೆ ನನಗೆ ಇನ್ನೊಂದು ಹುರುಪು ಬಂತು. ನಳ ಮತ್ತು ಟಾಕಿಯ ಲೆಕ್ಕವನ್ನು ನೂರಾರು ವರ್ಷದಿಂದ ಮಕ್ಕಳು ಪುಸ್ತಕದಲ್ಲಷ್ಟೇ ಬಿಡಿಸುತ್ತ ಬಂದಿದ್ದಾರೆ. ನಮ್ಮಲ್ಲಿ ಖರೇ ಟಾಕಿಯೇ ಇದೆಯಲ್ಲ! ಪೈಪು ಜೋಡಿಸುವ ಹಿಂದಿನ ದಿನ ಎಂಟನೆಯವರು ಅಂಗಳದಲ್ಲಿ ಪಂಪಿನ ಬಾಯಿಗೆ ಬಕೆಟ್ ಹಿಡಿದು ಅಳೆದರು. ನಿಮಿಷಕ್ಕೆ ಐವತ್ತು ಲೀಟರು. ಸಾವಿರ ಲೀಟರಿಗೆ ಇಪ್ಪತ್ತು ನಿಮಿಷ. ಮರುದಿನ ಬೆಳಗಿನ ಮೊದಲ ತಾಸಿಗೆ ಪಂಪು ಚಾಲೂ ಮಾಡಿ, ಗಡಿಯಾರ ಮೇಜಿನ ಮೇಲಿಟ್ಟೆ. ಟಾಕಿ ತುಂಬಿದರೆ ಹೆಚ್ಚಾದ ನೀರು ಸುರಿಯುವ ಪೈಪು ಕಿಟಕಿಯ ಹೊರಗೇ ಕಾಣುತ್ತಿತ್ತು. ನಲವತ್ತಮೂರು ಜೊತೆ ಕಣ್ಣು ಅದರ ಮೇಲೆ. ಸಾವಿರಾರು ಲೆಕ್ಕ ಬಿಡಿಸಿದ್ದೆ, ಒಂದೂ ಹೀಗೆ ಎದ್ದು ಬಂದು ಕಿಟಕಿಯಲ್ಲಿ ಮುಖ ತೋರಿಸಿರಲಿಲ್ಲ.

ಇಪ್ಪತ್ತು ನಿಮಿಷವಾಯಿತು. ಪೈಪು ಒಣಗಿತ್ತು.

“ನೀರು ಮೇಲೇರಬೇಕಲ್ಲ, ಪಂಪು ಸ್ವಲ್ಪ ನಿಧಾನ ಆಗಿರತೈತಿ” ಎಂದೆ.

“ಅದಕ್ಕ ಐದು ನಿಮಿಷ ಹೆಚ್ಚಿಗಿ ಹಿಡೀರಿ ಸರ” ಎಂದಳು ಅಕ್ಷತಾ. ಗೋಪನಕೊಪ್ಪದಲ್ಲಿ ರೊಟ್ಟಿ ಮಾಡಿ ಮಾರುವ ತಾಯಿಯ ಮಗಳು. ಕೊಟ್ಟ ಸಂಖ್ಯೆಯನ್ನು ಹಾಗೇ ನಂಬುವ ಜಾತಿಯಲ್ಲ. ರೈಲು ಲೆಕ್ಕ ಕೊಟ್ಟರೆ, “ಸರ, ಈ ರೈಲು ಎಲ್ಲೂ ನಿಲ್ಲೂದಿಲ್ಲೇನ್ರಿ?” ಎಂದು ಕೇಳಿ ತಾಸು ಕೆಡಿಸುವವಳು.

ಮೂವತ್ತು ನಿಮಿಷವಾಯಿತು. ಹುಡುಗರು ಮುಸುಮುಸು ನಗತೊಡಗಿದರು.

“ಸರ, ಪೈಪು ಸೋರ್ತಿಲ್ಲ. ಪಂಪ್ ಹೊಂಟೈತಿ. ಹಂಗಾರ ನಾವು ಬರ್ಕೊಂಡ ನಂಬರ ತಪ್ಪೈತ್ರಿ” ಎಂದಳು ಅಕ್ಷತಾ.

“ಇಲ್ಲವ್ವಾ, ಮಂಗ್ಯಾಗಳು ಬಂದು ಕುಡದು ಹೋಗ್ಯಾವ” ಎಂದೆ. ತರಗತಿ ಬಿದ್ದು ಬಿದ್ದು ನಕ್ಕಿತು. ನಗಿಸುವುದರಲ್ಲಿ ನಾನು ಜಾಣ. ಉತ್ತರ ಗೊತ್ತಿಲ್ಲದಾಗ ಇನ್ನೂ ಜಾಣ.

ಅವಳು ನಗಲಿಲ್ಲ. “ಸರ, ನೀರ ಕುಡದು ಬರ್ಲೇನ್ರಿ?”

“ಹೋಗು. ಮಂಗ್ಯಾಗಳು ಉಳಿಸಿದ್ರ ಕುಡಿ.”

ಆ ಮಾತನ್ನು ನಾನು ಇವತ್ತಿಗೂ ವಾಪಸು ತೆಗೆದುಕೊಳ್ಳುತ್ತಲೇ ಇದ್ದೇನೆ.

ನಲವತ್ತನೆಯ ನಿಮಿಷಕ್ಕೆ ತೆರೆದಿಟ್ಟ ಹಾಜರಿ ಪುಸ್ತಕದ ಮೇಲೆ ಏನೋ ಉದುರಿತು. ಸೀಮೆಸುಣ್ಣದ ಪುಡಿ ಎಂದುಕೊಂಡು ಊದಿದೆ. ಮತ್ತೆ ಉದುರಿತು. ತಲೆಯೆತ್ತಿ ನೋಡಿದೆ. ಬೆಳಿಗ್ಗೆ ಇರದಿದ್ದ ಒಂದು ಗೆರೆ ಸ್ಲ್ಯಾಬಿನ ನಡುವಿನಿಂದ ಕಿಟಕಿಯ ಕಡೆ ಹೊರಟಿತ್ತು. ಕೂದಲಿನಷ್ಟು ತೆಳ್ಳಗೆ. ನೋಡುತ್ತಿದ್ದಂತೆ ಅದಕ್ಕೆ ಒಂದು ಕವಲು ಒಡೆಯಿತು.

“ಓಡ್ರಿ” ಎಂದು ಕೂಗಿದರೆ ಬಾಗಿಲು ಒಂದೇ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಆಗ ನನ್ನ ಬಾಯಿಂದ ಬಂದದ್ದು ನನಗೇ ಆಶ್ಚರ್ಯ. “ಇವತ್ತು ಅಳತಿ ಲೆಕ್ಕ. ಎಲ್ಲಾರೂ ಅಂಗಳಕ್ಕ ಹೋಗಿ ಬೇವಿನ ಗಿಡದಿಂದ ಗೇಟಿನ ತನಕ ಹೆಜ್ಜಿ ಎಣಸ್ರಿ. ಬಾಗಲ ಹತ್ರ ಇರೂ ಬೆಂಚು ಮೊದಲ. ಯಾರು ಮಾತಾಡ್ತಾರೋ ಅವ್ರಿಗೆ ಸೊನ್ನಿ.” ಮಕ್ಕಳು ಸಾಲಾಗಿ, ಬಾಯಿ ಮುಚ್ಚಿಕೊಂಡು ಹೊರಟವು. ಒಂದೊಂದು ಬೆಂಚು ಖಾಲಿಯಾಗಲು ಒಂದೊಂದು ವರ್ಷ ಹಿಡಿಯಿತು. ಕಡೆಯವನು ದಾಟಿದ ಮೇಲೆ ವರಾಂಡಕ್ಕೆ ಓಡಿ ಪಂಪು ಬಂದ್ ಮಾಡಿ, ಅಂಗಳಕ್ಕೆ ಬಂದು ಎಣಿಸಿದೆ.

ನಲವತ್ತೆರಡು.

ಮತ್ತೆ ಎಣಿಸಿದೆ. ಲೆಕ್ಕದ ಮಾಸ್ತರನಿಗೆ ನಲವತ್ತೆರಡರವರೆಗೆ ಎಣಿಸಲು ಬರುತ್ತದೆ, ಆದರೂ ಮೂರನೆಯ ಸಲ ಎಣಿಸಿದೆ.

“ಅಕ್ಷತಾ ನೀರ ಕುಡ್ಯಾಕ ಹೋಗ್ಯಾಳ್ರಿ” ಎಂದ ಒಬ್ಬ. ಬೆರಳು ಮಾತ್ರ ನಳದ ಕಡೆ ತೋರಿಸಲಿಲ್ಲ, ಮಾಳಿಗೆಯ ಏಣಿಯ ಕಡೆ ತೋರಿಸಿತು.

ಹತ್ತು ವರ್ಷದಿಂದ ಹತ್ತದ ಏಣಿಯನ್ನು ಹೇಗೆ ಹತ್ತಿದೆನೋ ಗೊತ್ತಿಲ್ಲ. ತಲೆ ಮಾಳಿಗೆಯ ಮಟ್ಟಕ್ಕೆ ಬಂದಾಗ ನನ್ನ ಲೆಕ್ಕ ಮೊದಲ ಸಲ ಕಣ್ಣಿಗೆ ಬಿತ್ತು. ಪೀಪಾಯಿಯಷ್ಟು ಇರಬೇಕಾದದ್ದು ಬಾವಿಯಷ್ಟಿತ್ತು. ಉಳಿದ ಇಟ್ಟಿಗೆಯ ರಾಶಿ ಹತ್ತಿ, ಇನ್ನೂ ಮುಚ್ಚಳ ಕೂಡಿಸದ ಅದರ ದಂಡೆಯ ಮೇಲೆ ಹೊಟ್ಟೆ ಊರಿ, ಮೊಣಕೈಯಿಂದ ಅಗಲ ಅಳೆಯುತ್ತ ಅಕ್ಷತಾ ನಿಂತಿದ್ದಳು.

“ಸರ, ನಾಕು ಮೊಳ ಐತ್ರಿ!” ಎಂದು ಕೂಗಿದಳು, ಗೆದ್ದ ದನಿಯಲ್ಲಿ.

ನಾಲ್ಕು ಮೊಳ ಅಂದರೆ ಆರು ಫೂಟು. ಆಗ ಹೊಳೆಯಿತು. ಗೌಂಡಿಗಳು ಗೋಲ ಕಟ್ಟುವಾಗ ನಡುವೆ ಮೊಳೆ ಹೊಡೆದು ದಾರ ತಿರುಗಿಸುತ್ತಾರೆ. ಅವರ ಅಳತೆ ಎಂದರೆ ಆ ದಾರದ ಉದ್ದ. ಮೌಲಾಸಾಬ ಬರೆದ ಮೂರು ಫೂಟು ತ್ರಿಜ್ಯ, ಅದನ್ನು ನಾನು ಮತ್ತೆ ಅರ್ಧ ಮಾಡಿದ್ದೆ. ಟಾಕಿ ಹಿಡಿಯುವುದು ಒಂದಲ್ಲ, ನಾಲ್ಕು ಟನ್ನು. ಆ ಹೊತ್ತಿಗಾಗಲೇ ಎರಡು ಟನ್ನು ನೀರು, ಮೇಲೆ ಇಟ್ಟಿಗೆ, ಮೇಲೆ ಹದಿಮೂರು ವರ್ಷದ ಒಬ್ಬ ಹುಡುಗಿ.

ಕೂಗಿದರೆ ಓಡುತ್ತಾಳೆ. ಜಿಗಿದು ಓಡಿದರೆ ಸ್ಲ್ಯಾಬು ಏನು ಮಾಡುತ್ತದೋ. “ಅಕ್ಷತಾ, ಹಂಗ ಸಾವಕಾಶ ಕೆಳಗಿಳದು ಗ್ವಾಡಿ ಮ್ಯಾಲಿನ ಅಂಚು ಹಿಡಕೊಂಡು ಬಾ. ನಡುವ ಬರಬ್ಯಾಡ. ಎಷ್ಟು ಹೆಜ್ಜಿ ಆಗ್ತಾವ ಎಣಕೋತ ಬಾ” ಎಂದೆ.

“ಅದು ಯಾಕ್ರಿ?”

“ಆಮ್ಯಾಲ ಹೇಳ್ತೇನಿ.”

“ಮೊದಲ ಹೇಳ್ರಲಾ.”

ಇಂಥ ಹುಡುಗಿಯನ್ನು ತಯಾರು ಮಾಡಿದವನು ನಾನೇ ಅಲ್ಲವೇ. “ನಿನ್ನ ಉತ್ತರ ಸರಿ ಐತೆವ್ವಾ. ಅದಕ್ಕ” ಎಂದೆ. ಅವಳಿಗೆ ಅರ್ಥವಾಯಿತು. ಹೆಜ್ಜೆಯ ಮುಂದೆ ಹೆಜ್ಜೆ ಇಟ್ಟು, ಗಟ್ಟಿಯಾಗಿ ಎಣಿಸುತ್ತ ಬಂದಳು. ಒಂಬತ್ತಕ್ಕೆ ಕಾಲ ಕೆಳಗೆಲ್ಲೋ ಪಟ್ ಎಂದಿತು. ಅವಳು ನಿಂತಳು. ನಾನು “ಹತ್ತು” ಎಂದೆ. ಅವಳು “ಹತ್ತು” ಎಂದಳು. ಹದಿನೇಳಕ್ಕೆ ಅವಳ ಕೈ ನನ್ನ ಕೈಗೆ ಸಿಕ್ಕಿತು.

ಇಬ್ಬರೂ ಏಣಿ ಇಳಿದು ನೆಲ ಮುಟ್ಟಿದ ಮೇಲೆ ಒಳಗೆ ದಡ್ ಎಂದು ಸಪ್ಪಳವಾಯಿತು. ಸೂರಿನಿಂದ ಕಳಚಿದ, ಊಟದ ತಾಟಿನಷ್ಟು ಅಗಲದ ಗಿಲಾವಿನ ಹೆಂಟೆ ಮೂರನೆಯ ಬೆಂಚಿನ ಮೇಲೆ ಬಿದ್ದಿತ್ತು. ಒಂದು ಕಂಪಾಸ್ ಪೆಟ್ಟಿಗೆ ಚಪ್ಪಟೆಯಾಗಿತ್ತು. ಗೇಟಿನ ಹತ್ತಿರ ತನ್ನ ಸಾಮಾನು ಗಾಡಿಗೆ ಹೇರುತ್ತಿದ್ದ ಮೌಲಾಸಾಬ ಓಡಿ ಬಂದು, ಏಣಿಯ ಮೇಲೆ ನಿಂತೇ ಉದ್ದನೆಯ ಹಾರೆಯಿಂದ ಟಾಕಿಯ ತಳದಿಂದ ಅಂಚಿಗೆ ಬಂದ ಪೈಪು ಬಡಿದು ಕಿತ್ತ. ಎರಡು ಸಾವಿರ ಲೀಟರು ನೀರು ಮಾಳಿಗೆಯಿಂದ ಅಂಗಳಕ್ಕೆ ಸುರಿಯಿತು. ಬೇವಿನ ಗಿಡದ ಹೆಜ್ಜೆ ಎಣಿಸುತ್ತಿದ್ದವರೆಲ್ಲ ಅದರ ಕೆಳಗೆ ನಿಂತು ಕುಣಿದರು. ಏನಾಯಿತೆಂದು ಅವರಿಗೆ ಗೊತ್ತಿರಲಿಲ್ಲ. ನಾನು ವರಾಂಡದ ಕಟ್ಟೆಯ ಮೇಲೆ ಕೂತು ನಲವತ್ತಮೂರನ್ನು ಎಣಿಸುತ್ತಿದ್ದೆ.

ಮಧ್ಯಾಹ್ನ ಹಿರೇಗೌಡರ ಸರ್ ನನ್ನನ್ನು ಒಳಗೆ ಕರೆದರು. ಮೌಲಾಸಾಬ ಬಾಗಿಲಲ್ಲಿ ನಿಂತಿದ್ದ. ಸತ್ತೂರಿನ ಕಡೆ ಒಂದು ದೊಡ್ಡ ಕೆಲಸ ಅವನಿಗೆ ನಿಗದಿಯಾಗಿತ್ತು. ಶಾಲೆಯ ಸ್ಲ್ಯಾಬು ಸೀಳಿದ ಗೌಂಡಿ ಎಂದರೆ ಆ ಕೆಲಸ ಹೋಗುತ್ತಿತ್ತು, ಮುಂದಿನದೂ ಹೋಗುತ್ತಿತ್ತು.

“ಅಳತಿ ತಪ್ಪು ಕೊಟ್ಟಾನ ಅಂತ ಬರ್ದು ಕೊಡ್ರಿ. ನಿಮ್ಮ ಚೀಟಿ ಎಲ್ಲೈತಿ? ಅದನ್ನ ಹರದು ಒಗೀರಿ. ರಿಟೈರ್‌ಮೆಂಟಿಗೆ ಬಂದೀರಿ, ಯಾಕ ಬೇಕು?” ಎಂದರು.

“ಅಳತಿ ನಾ ತಪ್ಪು ಕೊಟ್ಟಿಲ್ರಿ ಸರ, ದಾರ ಮೂರ ಫೂಟ ಐತ್ರಿ” ಎಂದ ಮೌಲಾಸಾಬ. ದನಿ ಗಟ್ಟಿಯಿರಲಿಲ್ಲ.

“ನಾಳೆ ಕೊಡ್ತೇನ್ರಿ” ಎಂದು ಬಂದೆ. ಸುಳ್ಳು ಹೇಳುವುದಿಲ್ಲ, ಚೀಟಿ ಹರಿದು ಒಗೆಯುವ ಮನಸ್ಸು ಬಸ್ಸಿನಲ್ಲಿ ಧಾರವಾಡದವರೆಗೂ ನನ್ನ ಪಕ್ಕದಲ್ಲೇ ಕೂತು ಬಂತು. ಆ ಚೀಟಿ ಕಿಸೆಯಲ್ಲಿತ್ತು. ರಬ್ಬರು ಹಿಡಿದ ಹುಡುಗರ ಕೈಗೆ ಎಷ್ಟು ಸಲ ಹೊಡೆದಿದ್ದೇನೋ.

ಮರುದಿನ ಬೇವಿನ ಗಿಡದ ಕೆಳಗೆ ತರಗತಿ. ಚೀಟಿಯಲ್ಲಿದ್ದುದನ್ನು ಸಾಲು ಬಿಡದೆ ಹಲಗೆಯ ಮೇಲೆ ಬರೆದು, “ಇದು ಒಬ್ಬ ವಿದ್ಯಾರ್ಥಿದು. ನಾಕು ಅಂಕದ ಲೆಕ್ಕ. ಹಂತಕ್ಕೊಂದು ಅಂಕ ಹಾಕ್ರಿ” ಎಂದೆ.

“ಯಾವ ದಡ್ಡರಿ ಸರ ಇಂವಾ?” ಎಂದ ಒಬ್ಬ.

“ಬಿ.ಎಸ್ಸಿ., ಬಿ.ಎಡ್. ಆಗೇತಿ” ಎಂದೆ. ಆಗ ನಗು ನಿಂತಿತು.

ಚೀಟಿಯನ್ನೂ ಕೆಂಪು ಪೆನ್ನನ್ನೂ ಅಕ್ಷತಾಳ ಕೈಗೆ ಕೊಟ್ಟೆ. ಅವಳು ಕನಿಕರ ತೋರಿಸಲಿಲ್ಲ. ಸೂತ್ರ ಸರಿ, ಒಂದು. ತ್ರಿಜ್ಯ ತಪ್ಪು, ಸೊನ್ನೆ. ಇಟ್ಟಿಗೆಯ ತೂಕ ಹಿಡಿದಿಲ್ಲ, ಸೊನ್ನೆ. ಲೀಟರು, ಟನ್ನು ಎಂದು ಬಿಡದೆ ಬರೆದಿದ್ದಕ್ಕೆ ಅರ್ಧ. ಒಟ್ಟು ನಾಲ್ಕಕ್ಕೆ ಒಂದೂವರೆ. ಆಮೇಲೆ ಮೇಲಿನ ಖಾಲಿ ಮೂಲೆಯಲ್ಲಿ ಒಂದು ಚೌಕ ಎಳೆದು, ಅದರೊಳಗೆ ಏನೋ ಬರೆದು, ಮಡಚಿ ಕೊಟ್ಟಳು.

ಅದನ್ನೇ ನನ್ನ ಹೇಳಿಕೆಯೆಂದು ಹಿರೇಗೌಡರ ಸರ್ ಮೇಜಿನ ಮೇಲಿಟ್ಟೆ. ಅವರು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. “ಇದನ್ನ ಫೈಲಿನ್ಯಾಗ ಯಾವ ಹೆಸರಿನ ಮ್ಯಾಲ ಹಾಕೂದ್ರಿ?” ಎಂದರು. “ನನ್ನ ಹೆಸರಿನ ಮ್ಯಾಲ” ಎಂದೆ. ಮೇಲಿನಿಂದ ಒಂದು ಕಾರಣ ಕೇಳುವ ನೋಟಿಸು ಬಂತು, ಅದಕ್ಕೆ ಉತ್ತರ ಬರೆದೆ, ಆ ವರ್ಷದ ವೇತನ ಬಡ್ತಿ ನಿಂತಿತು. ಮೌಲಾಸಾಬ ಸತ್ತೂರಿನ ಕೆಲಸ ಮುಗಿಸಿದ. ಈಗಲೂ ಎದುರು ಸಿಕ್ಕರೆ ಮೊಳೆ, ದಾರ ಹಿಡಿದಂತೆ ಗಾಳಿಯಲ್ಲಿ ಬೆರಳು ತಿರುಗಿಸಿ ತೋರಿಸಿ ನಗುತ್ತಾನೆ.

ನಿವೃತ್ತಿಯ ದಿನ ಹಿರೇಗೌಡರ ಸರ್ ಜಾಗಕ್ಕೆ ಬಂದಿದ್ದ ಹೊಸ ಹೆಡ್ ಮಾಸ್ತರು ಆ ಚೀಟಿಯನ್ನು ಫೈಲಿನಿಂದ ಬಿಡಿಸಿ ನನಗೇ ಕೊಟ್ಟರು. ಈಗ ಅದು ನನ್ನ ಮೇಜಿನ ಗಾಜಿನ ಕೆಳಗಿದೆ. ಲಕಮನಹಳ್ಳಿಯ ಹೊಸ ಟೀಚರಮ್ಮನೇ, ರೂಢಿಗಳ ಬಗ್ಗೆ ನಾನು ಬರೆದ ಇಷ್ಟುದ್ದದ ಪುರಾಣ ಮರೆತರೂ ನಡೆದೀತು, ಮನೆಗೆ ಬಂದಾಗ ಆ ಚೀಟಿಯನ್ನು ಒಮ್ಮೆ ನೋಡು. ಮೂವತ್ತು ವರ್ಷ ಮಕ್ಕಳ ವಹಿಗಳಲ್ಲಿ ನಾನು ಬರೆಯುತ್ತಿದ್ದ ಮಾತನ್ನೇ ಆ ಹುಡುಗಿ ಚೌಕದೊಳಗೆ ಬರೆದಿದ್ದಾಳೆ, ಮಾಸ್ತರನೆಂಬ ಮರ್ಯಾದೆಯನ್ನೂ ಬಿಡದೆ: ‘ಮತ್ತೆ ನೋಡ್ರಿ ಸರ.’

ಅದಕ್ಕೇ ನೋಡುತ್ತಿರುತ್ತೇನೆ. ಎಲೆ ಹಾಕಿ ಬಡಿಸಿದ ಮೇಲೂ.